ಮೂರಕ್ಕಿಳಿದ ಮನೆ

ನಮ್ಮೂರಿಗೆ ಮೂರು ಸುತ್ತು. ಹೊರಸುತ್ತು, ನಡುಸುತ್ತು, ಒಳಸುತ್ತು. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ಅದರೊಳಗೆ ಮತ್ತೊಂದು. ಒಂದೊಂದು ಸುತ್ತಿಗೂ ನಾಲ್ಕು ಮೂಲೆ, ನಾಲ್ಕು ನಡುಮಧ್ಯ. ಎಲ್ಲಾ ಸೇರಿ ಇಪ್ಪತ್ತನಾಲ್ಕು ಕಡೆ ಇಪ್ಪತ್ತನಾಲ್ಕು ಕಲ್ಲು ಹಾಸಿದೆ. ನಿಲುಗಲ್ಲು ಅನ್ನುತ್ತೇವೆ. ನಾಲ್ಕು ದಿಕ್ಕಿನಿಂದಲೂ ಒಂದೊಂದು ಓಣಿ ಸುತ್ತಿನಿಂದ ಸುತ್ತಿಗೆ ದಾಟುತ್ತದೆ. ನೀವು ಚಿಕ್ಕವರಿದ್ದಾಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಬ್ಬರು ಹುಣಸೆಬೀಜ, ಇನ್ನೊಬ್ಬರು ಬಳೆಚೂರು ಹಿಡಿದು, ಮೂರು ಕಾಯಿ ಸಾಲು ಕಟ್ಟಿದರೆ ಎದುರಿನವರ ಒಂದು ಕಾಯಿ ಎತ್ತುವ ಸಾಲುಮನೆ ಆಟ ಆಡಿರುತ್ತೀರಿ. ಅದೇ ಗೆರೆ, ಅದೇ ಮನೆ. ನೀವು ಆಡಿ ಒರೆಸಿಹಾಕಿದಿರಿ. ನಾವು ಅದರೊಳಗೇ ಸಂಸಾರ ಹೂಡಿದೆವು. ಅಷ್ಟೇ ವ್ಯತ್ಯಾಸ.

ಒಂದು ಕಲ್ಲು, ಒಂದು ದಿನ. ಇದು ಊರಿನ ಮೊದಲ ಕಟ್ಟಳೆ. ಮನೆಯಿಂದ ಹೊರಟವರು ಪಕ್ಕದ ಕಲ್ಲಿಗೆ ಹೋಗಿ ನಿಲ್ಲಬೇಕು, ಅಲ್ಲೇ ಯಾರದಾದರೂ ಜಗಲಿಯಲ್ಲಿ ಮಲಗಬೇಕು, ಬೆಳಗಾದ ಮೇಲೆ ಮುಂದಿನ ಕಲ್ಲು. ಹೊರಸುತ್ತಿನ ಮೂಲೆಯಿಂದ ಒಳಸುತ್ತಿಗೆ ಬರಲು ಮೂರು ದಿನ, ಹೋಗಲು ಮೂರು ದಿನ. ಹೊರಸುತ್ತಿನಿಂದ ಹೊರಟ ಹಾಲು ಒಳಸುತ್ತಿಗೆ ಮೊಸರಾಗಿ ಬರುತ್ತದೆ. ಮದುವಣಗಿತ್ತಿಯ ದಂಡೆ ದಾರಿಯಲ್ಲೇ ಬಾಡುತ್ತದೆ. ಜಗಳಕ್ಕೆಂದು ಸೆರಗು ಕಟ್ಟಿ ಹೊರಟವಳು ಮೂರನೆಯ ದಿನ ತಲುಪುವ ಹೊತ್ತಿಗೆ ಯಾಕೆ ಬಂದೆ ಎಂಬುದು ಮರೆತು, ಉಂಡು ಎಲೆಅಡಿಕೆ ಹಾಕಿಕೊಂಡು ವಾಪಸ್ಸು ಹೋಗುತ್ತಾಳೆ. ಅಡ್ಡಹಾಯ್ದರೆ ಅರ್ಧ ಗಳಿಗೆಯ ದಾರಿ. ಆದರೆ ಹಾಯುವವರು ಯಾರು? ಒಂದು ಕಲ್ಲು, ಒಂದು ದಿನ.

ಮಾತಿಗೆ ಮಾತ್ರ ಈ ಕಟ್ಟಳೆ ಇಲ್ಲ. ಹೊರಸುತ್ತಿನಲ್ಲಿ ಬೆಳಿಗ್ಗೆ ಹೆಂಡತಿ ಗಂಡನ ಮೇಲೆ ಸೌಟು ಎಸೆದರೆ ಮಧ್ಯಾಹ್ನದೊಳಗೆ ಜಗಲಿಯಿಂದ ಜಗಲಿಗೆ ಹಾಯ್ದು, ಸೌಟಿನ ಉದ್ದಗಲ ಸಮೇತ ನನ್ನ ಮನೆಗೆ ಬಂದಿರುತ್ತದೆ. ನನ್ನ ಮನೆ ಒಳಸುತ್ತಿನ ಪಡುವಣ ಕಲ್ಲಿಗೆ ಅಂಟಿಕೊಂಡು, ಊರ ನಟ್ಟನಡುವಿನ ಸಿಹಿನೀರ ಬಾವಿಯ ಎದುರಿಗೇ ಇದೆ. ಮಗ, ಸೊಸೆ, ಮೊಮ್ಮಗಳು, ನಾನು. ನಾಲ್ಕು ಜನ.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಎಣಿಕೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕಾಯಿ ತಂದು ಕಟ್ಟೆಯ ಮೇಲೆ ಇಡಬೇಕು. ಆಮೇಲೆ ಮನೆಗೊಂದು ನಡೆ, ಸರದಿಯ ಪ್ರಕಾರ. ಆ ನಡೆಯಲ್ಲಿ ಒಂದೇ ಮನೆಯ ಮೂವರು ಒಂದೇ ಗೆರೆಯ ಮೂರು ಕಲ್ಲಿನ ಮೇಲೆ ನಿಂತರೆ ಸಾಲು ಕಟ್ಟಿತು ಎಂದು ಲೆಕ್ಕ. ಸಾಲು ಕಟ್ಟಿದವರು ಬೇರೆ ಮನೆಯಿಂದ ಒಬ್ಬರನ್ನು ಎತ್ತಬಹುದು. ಎತ್ತಿದವರನ್ನು ಊರ ಹೊರಗೋಡೆಯ ಆಚೆ ಬಿಡುತ್ತಾರೆ. ಗೋಡೆ ಎಂದರೆ ಏನು ಮಹಾ, ನನ್ನ ಸೊಂಟದೆತ್ತರ. ಆದರೂ ಆಚೆ ಹೋದವರು ಸತ್ತ ಹಾಗೆ. ಅವರು ಅಲ್ಲಿ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ, ಆದರೂ ಸತ್ತರು. ಅವರು ನಕ್ಕರೆ ನಮ್ಮ ಮಕ್ಕಳು ಎಚ್ಚರಗೊಳ್ಳುತ್ತವೆ, ಆದರೂ ಸತ್ತರು. ಬೇಕಾದರೆ ಗೋಡೆಗೆ ಬೆನ್ನು ಹಾಕಿ ಕೂತು ಗಾಳಿಗೆ ಹೇಳಿದ ಹಾಗೆ ನಾಲ್ಕು ಮಾತು ಹೇಳಬಹುದು. ತಿರುಗಿ ನೋಡಬಾರದು.

ಎತ್ತಿಸಿಕೊಂಡು ಎತ್ತಿಸಿಕೊಂಡು ಮನೆಯೊಂದು ಮೂರಕ್ಕಿಳಿದರೆ ಅವರಿಗೆ ಜಿಗಿತ. ಅಂದರೆ ಕಲ್ಲುಕಲ್ಲಿಗೆ ನಿಲ್ಲಬೇಕಾಗಿಲ್ಲ, ಯಾವ ಕಲ್ಲಿನಿಂದ ಯಾವ ಕಲ್ಲಿಗಾದರೂ ಒಂದೇ ಸಲಕ್ಕೆ ಹೋಗಬಹುದು. ಜಿಗಿತ ಅಂತ ಹೆಸರು ದೊಡ್ಡದು. ಬೇರೆ ಊರಿನ ಜನ ಅದಕ್ಕೆ ನಡೆಯುವುದು ಅನ್ನುತ್ತಾರಂತೆ. ಎರಡಕ್ಕಿಳಿದರೆ ಮನೆ ಸೋತಿತು. ಒಲೆಯ ಮೂರು ಕಲ್ಲು ಕಿತ್ತು, ಬಾಗಿಲಿಗೆ ಮುಳ್ಳು ಬಡಿದು, ಉಳಿದ ಇಬ್ಬರನ್ನೂ ಗೋಡೆ ದಾಟಿಸುತ್ತಾರೆ.

ಇದನ್ನೆಲ್ಲ ನೆನಪಿಟ್ಟುಕೊಳ್ಳಲು ಒಬ್ಬ ವಾಡಿಕೆಯಯ್ಯ ಇದ್ದಾನೆ. ಓಲೆ ಇಲ್ಲ, ಪುಸ್ತಕ ಇಲ್ಲ, ಎಲ್ಲಾ ತಲೆಯಲ್ಲಿ. ತಲೆಯಲ್ಲಿ ಕೂದಲು ಕೂಡ ಇಲ್ಲ, ಜಾಗ ಬೇಕಾದಷ್ಟು. ಏನು ಕೇಳಿದರೂ ಕಣ್ಣು ಮುಚ್ಚಿ, "ಹಿಂದಿನಿಂದ ನಡೆದು ಬಂದದ್ದು" ಎಂದು ಶುರುಮಾಡುತ್ತಾನೆ. ಒಂದು ಸಲ ಹೊರಸುತ್ತಿನವರು ಮೂಲೆಯಿಂದ ಮೂಲೆಗೆ ಓರೆದಾರಿ ಉಂಟು ಎಂದರು, ಒಳಸುತ್ತಿನವರು ಇಲ್ಲ ಎಂದರು. ಒಂದು ವರ್ಷ ಮಾತು ಬಿಟ್ಟರು, ಕೊಟ್ಟ ಹೆಣ್ಣುಗಳನ್ನು ವಾಪಸ್ಸು ಕರೆಸಿಕೊಂಡರು, ಎರಡು ತಲೆ ಒಡೆದವು. ಕೊನೆಗೆ ವಾಡಿಕೆಯಯ್ಯ ಕಣ್ಣು ಮುಚ್ಚಿ, ಓರೆದಾರಿ ಉಂಟು ಆದರೆ ಗುರುವಾರ ಮಾತ್ರ, ಅದೂ ಎಡಗಾಲು ಮುಂದಿಟ್ಟು ಹೋಗುವವರಿಗೆ, ಎಂದ. ಎರಡು ಸುತ್ತಿನವರೂ ತಾವೇ ಗೆದ್ದೆವೆಂದು ಪಾಯಸ ಮಾಡಿದರು. ಅಂಥ ಊರು.

ದೊಡ್ಡಮನೆ ಇರುವುದು ನಡುಸುತ್ತಿನ ಮೂಡಣ ಕಲ್ಲಿನ ಮೇಲೆ, ನಾಲ್ಕು ದಾರಿ ಕೂಡುವಲ್ಲಿ. ಮೂಡಣದಿಂದ ಬಾವಿಗೆ ಹೋಗುವವರು ಯಾರೇ ಆದರೂ ಒಂದು ದಿನ ಆ ಕಲ್ಲಿನ ಮೇಲೆ ನಿಲ್ಲಲೇಬೇಕು, ನಿಂತವರು ಜಗಲಿಯ ಮೇಲೆ ಕೂತ ಯಜಮಾನನಿಗೆ ಕೈ ಮುಗಿಯಲೇಬೇಕು. ಯಜಮಾನ, ಅವನ ಹೆಂಡತಿ, ಮುದಿತಾಯಿ, ಮಗ, ಬಸುರಿ ಸೊಸೆ, ಇಬ್ಬರು ತಮ್ಮಂದಿರು, ಅವರ ಹೆಂಡಿರು. ಒಂಬತ್ತು ಕಾಯಿ ತುಂಬಿದ ಮನೆ. ಎಣಿಕೆಯ ದಿನ ಮೊದಲ ನಡೆ ಯಾವಾಗಲೂ ಅವರದೇ. ಹಿಂದಿನಿಂದ ನಡೆದು ಬಂದದ್ದು.

ಸೂಲಗಿತ್ತಿಯ ಮನೆಯನ್ನು ಮೂರಕ್ಕಿಳಿಸಿದವನೂ ಈ ಯಜಮಾನನೇ. ಅವಳ ಗಂಡ ಕೈ ಮುಗಿಯುವಾಗ ಆಕಳಿಸಿದನೆಂದು ಎತ್ತಿದ. ಅಣ್ಣನನ್ನು ಯಾಕೆ ಎತ್ತಿದಿರಿ ಎಂದು ಕೇಳಿದ ಮೈದುನನನ್ನು ಎತ್ತಿದ. ಕೇಳದೆ ಸುಮ್ಮನಿದ್ದ ಇನ್ನೊಬ್ಬ ಮೈದುನನನ್ನು, ಅವನ ಮೌನದಲ್ಲಿ ಏನೋ ಇದೆ ಎಂದು ಎತ್ತಿದ. ಮಾವನನ್ನು ಯಾಕೆ ಎತ್ತಿದನೋ ಅವನಿಗೇ ಮರೆತುಹೋಗಿದೆ. ಉಳಿದದ್ದು ಸೂಲಗಿತ್ತಿ, ಅವಳ ಅತ್ತೆ, ಅವಳ ಮಗಳು. ಮೂರಕ್ಕಿಳಿದ ಮರುದಿನವೇ ಅವಳಿಗೆ ಜಿಗಿತ ಬಂತು.

ಆವತ್ತಿನಿಂದ ಊರಿನ ಹೆರಿಗೆಯ ಹಣೆಬರಹವೇ ಬದಲಾಯಿತು. ಮೊದಲೆಲ್ಲ ನೋವು ಬಂತೆಂದು ಹೇಳಿಕಳಿಸಿದರೆ ಸೂಲಗಿತ್ತಿ ನಾಲ್ಕನೆಯ ದಿನ ಬರುತ್ತಿದ್ದಳು, ಒಂದೋ ತೊಟ್ಟಿಲ ಶಾಸ್ತ್ರಕ್ಕೆ, ಇಲ್ಲವೋ ಮಣ್ಣಿಗೆ. ನನ್ನ ಮೊದಲ ಎರಡು ಹೀಗೇ ಹೋದವು, ಅದಿರಲಿ. ಈಗ ಕರೆ ಮುಟ್ಟಿದ ಗಳಿಗೆಗೆ ಅವಳು ಬಾಗಿಲಲ್ಲಿ. ಎರಡು ವರ್ಷದಲ್ಲಿ ಊರಿನಲ್ಲಿ ಒಂದು ಬಾಣಂತಿಯೂ ಸಾಯಲಿಲ್ಲ, ಒಂದು ಮಗುವೂ ಸಾಯಲಿಲ್ಲ. ಅವಳು ಬಿರಬಿರನೆ ಹೋಗುವುದನ್ನು ಜನ ಜಗಲಿಯಲ್ಲಿ ಎದ್ದುನಿಂತು ನೋಡುತ್ತಿದ್ದರು. ದೊಡ್ಡಮನೆಯ ಮುಂದೆಯೂ ಬಿರಬಿರನೆ ಹೋಗುತ್ತಿದ್ದಳು. ನಿಲ್ಲುತ್ತಿರಲಿಲ್ಲ. ನಿಲ್ಲದಿದ್ದ ಮೇಲೆ ಕೈ ಮುಗಿಯುವುದೆಲ್ಲಿ?

ಯಜಮಾನನಿಗೆ ಅನ್ನ ಸೇರಲಿಲ್ಲ. ವಾಡಿಕೆಯಯ್ಯನನ್ನು ಕರೆಸಿದ.

"ಇದ್ಯಾವ ನ್ಯಾಯ ಅಯ್ಯಾ? ಒಂಬತ್ತು ಜನದ ಯಜಮಾನ ನಾನು ಗೂಟಕ್ಕೆ ಕಟ್ಟಿದ ಎಮ್ಮೆ. ಮೂರು ಹೆಂಗಸರ ಮನೆಯವಳು ಗಾಳಿ. ಮುಂದಿನ ಎಣಿಕೆಯಲ್ಲಿ ಅವಳ ಮನೆಯಿಂದ ಇನ್ನೊಂದು ಎತ್ತಿ ಮುಗಿಸಿಬಿಡುತ್ತೇನೆ."

"ಆಗದು ಬುದ್ಧಿ. ಮೂರಿರುವ ಮನೆಯಿಂದ ಎತ್ತಬೇಕಾದರೆ ಎತ್ತುವ ಮನೆಯೂ ಮೂರೇ ಇರಬೇಕು. ಹಿಂದಿನಿಂದ ನಡೆದು ಬಂದದ್ದು."

"ಹಾಗೋ. ಸರಿ, ನಾವೂ ಮೂರೇ."

ವಾಡಿಕೆಯಯ್ಯ ಬಗ್ಗಿ ಒಳಗೆ ನೋಡಿದ. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ತಲೆ ಬಹಳ ಕಾಣಿಸುತ್ತಿವೆಯಲ್ಲ ಬುದ್ಧಿ."

"ಕಾಣಿಸುವುದು ಬೇರೆ, ಎಣಿಸುವುದು ಬೇರೆ. ಹಿಂದಿನಿಂದ ಏನೇನು ನಡೆದು ಬಂದಿದೆಯೋ ಸ್ವಲ್ಪ ಸಾವಕಾಶವಾಗಿ ಜ್ಞಾಪಿಸಿಕೊಳ್ಳಿ" ಎಂದು ಯಜಮಾನ ಒಂದು ಗಡಿಗೆ ತುಪ್ಪ ಮುಂದೆ ಇಟ್ಟ.

ತುಪ್ಪ ಜ್ಞಾಪಕಶಕ್ತಿಗೆ ಒಳ್ಳೆಯದು. ಮೊದಲ ಗಡಿಗೆಗೆ ವಾಡಿಕೆಯಯ್ಯನಿಗೆ ನೆನಪಾಯಿತು: ಬೇರೆ ಒಲೆಯಲ್ಲಿ ಉಣ್ಣುವವರು ಬೇರೆ ಮನೆ. ಆ ಸಂಜೆಯೇ ತಮ್ಮಂದಿರಿಗೂ ಅವರ ಹೆಂಡಿರಿಗೂ ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿಕೊಟ್ಟರು. ಹಿರಿ ತಮ್ಮ ಬಾಗಿಲಲ್ಲಿ ನಿಂತು, "ಅಣ್ಣಯ್ಯ, ಎಷ್ಟು ದಿನ?" ಎಂದ. "ಎಣಿಕೆಗೆ ಮಾತ್ರ ಕಣೋ, ಮನಸ್ಸು ಒಂದೇ" ಎಂದ ಯಜಮಾನ. ಎರಡನೆಯ ಗಡಿಗೆಗೆ ನೆನಪಾಯಿತು: ಸೊಸೆ ಹೆರುವ ತನಕ ತವರಿನ ಎಣಿಕೆ. ಏಳು ತಿಂಗಳ ಬಸುರಿಯನ್ನು ಹೊರಸುತ್ತಿನ ತವರುಮನೆಗೆ ಕಲ್ಲುಕಲ್ಲಿಗೆ ನಿಲ್ಲಿಸಿ ನಡೆಸಿಕೊಂಡು ಹೋದರು. ಮೂರನೆಯ ಗಡಿಗೆಗೆ ಬಹಳ ಹಿಂದಿನದೊಂದು ನೆನಪಾಯಿತು: ಯಾರ ತಿಥಿಯ ವಡೆಯನ್ನು ಊರು ತಿಂದಿದೆಯೋ ಅವರು ಎಣಿಕೆಗೆ ಇಲ್ಲ.

"ಆಮೇಲೆ ಬೇಕೆನಿಸಿದರೆ?" ಎಂದು ಯಜಮಾನ ಮೂರು ವಾಡಿಕೆಗೂ ಸೇರಿಸಿ ಕೇಳಿದ. ಜಾಣ.

"ವಾಪಸ್ಸು ಎಣಿಸಿಕೊಳ್ಳಬಹುದು ಬುದ್ಧಿ. ಆದರೆ ಆ ಮನೆಯವರೇ ನಾವು ಎಂದು ಅವರವರ ಬಾಯಿಂದ ಬರಬೇಕು."

"ಬರದೆ ಏನು? ನನ್ನ ಉಪ್ಪು ತಿಂದ ಬಾಯಿಗಳು."

ಮುದಿತಾಯಿಯ ಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಯಜಮಾನ ಹತ್ತಿರ ಕೂತು ಹೇಳಿದ:

"ಅವ್ವಾ, ನಿನ್ನನ್ನು ಸ್ವಲ್ಪ ಸಾಯಿಸಬೇಕಾಗಿದೆ."

"ಯಾವಾಗ?"

"ಈ ವಾರದಲ್ಲಿ."

"ವಡೆ ಮಾಡುತ್ತೀರೇನೋ?"

"ಮಾಡದೆ ಆಗುತ್ತದೆಯೇ? ಊರಿಗೆಲ್ಲ ಮಾಡಬೇಕು."

"ಹಾಗಾದರೆ ಆಗಲಿ. ನನ್ನ ಅತ್ತೆಯದಕ್ಕೆ ಐದು ಸೇರು ಉದ್ದು ನೆನೆಹಾಕಿದ್ದೆವು. ಅದಕ್ಕೆ ಕಡಿಮೆ ಮಾಡಿದರೆ ನಾನು ಸಾಯುವುದಿಲ್ಲ ನೋಡು."

ಅಂಥ ತಿಥಿ ನಾನು ಕಂಡಿಲ್ಲ. ಸತ್ತವಳೇ ಪಂಕ್ತಿಯ ಮೊದಲ ಎಲೆಗೆ ಕೂತಳು. ಜನ ಎಲೆಯ ಮೇಲೆ ಕಣ್ಣಿಟ್ಟು ತಿಂದರು, ಆ ಕಡೆ ನೋಡುವ ಹಾಗಿಲ್ಲವಲ್ಲ. ಅವಳು ಆರು ವಡೆ ತಿಂದು, ಏಳನೆಯದನ್ನು ಮುರಿದು, ಎಲ್ಲರಿಗೂ ಕೇಳುವ ಹಾಗೆ, "ನಾನು ಸತ್ತರೂ ಈ ಸೊಸೆಗೆ ವಡೆಗೆ ಉಪ್ಪು ಹಾಕುವುದು ಬರಲಿಲ್ಲ" ಎಂದಳು. ಯಜಮಾನನ ಹೆಂಡತಿ ಮುಂದಿನ ಎಲೆಗೆ ಬಡಿಸಿದಳು. ಸತ್ತವರಿಗೆ ಉತ್ತರ ಕೊಡುವುದು ಹೇಗೆ?

ಕೈ ತೊಳೆದು, ಸತ್ತವರ ಜಾಗಕ್ಕೆ ದಾಟಲು ಗೋಡೆಯ ಹತ್ತಿರ ಹೋದ ಮೇಲೆ ಮುದುಕಿ ತಿರುಗಿ, "ಮಗಾ, ನನ್ನ ಕಂಬಳಿ" ಎಂದಳು. ಯಜಮಾನ ಅವಳ ತಲೆಯ ಮೇಲಿಂದ ದೂರದ ಮರ ನೋಡಿದ. ಇನ್ನೊಂದು ಸಲ, "ಚಳಿ ಆಗುತ್ತದೆ ಕಣೋ" ಎಂದಳು. ಅವನು ಮರ ನೋಡಿದ. ಗೋಡೆಯಾಚೆಯಿಂದ ಒಂದು ಕೈ ಬಂತು, ಹೊದಿಕೆ ಹಿಡಿದಿತ್ತು. ಆ ಕೈ ಸೂಲಗಿತ್ತಿಯ ಗಂಡನದು. ನಾನು ನೋಡಲಿಲ್ಲ, ನೋಡಬಾರದು. ಗೊತ್ತಾಯಿತು, ಅಷ್ಟೇ.

ಆ ಎಣಿಕೆಯಲ್ಲಿ ದೊಡ್ಡಮನೆಯವರು ಮೂರು ಕಾಯಿ ಇಟ್ಟರು. ಯಜಮಾನ, ಹೆಂಡತಿ, ಮಗ. ವಾಡಿಕೆಯಯ್ಯ ಮೂರು ಸಲ ಎಣಿಸಿ, ಪಾಪ ಎಂಥ ಮನೆ ಹೇಗಾಯಿತು ಎಂದು ಕಣ್ಣೊರೆಸಿಕೊಂಡು ಜಿಗಿತ ಕೊಟ್ಟ. ಮರುದಿನ ಬೆಳಿಗ್ಗೆ ಯಜಮಾನ ರೇಷ್ಮೆ ಅಂಗಿ ಹಾಕಿಕೊಂಡು ಜಿಗಿದ. ಇಪ್ಪತ್ತನಾಲ್ಕು ಕಲ್ಲನ್ನೂ ಸುತ್ತಿ ತಿಂಡಿಯ ಹೊತ್ತಿಗೆ ಮನೆಗೆ ಬಂದ. ಆಮೇಲೆ ಏನು ಮಾಡುವುದೆಂದು ತಿಳಿಯದೆ ಇನ್ನೊಂದು ಸುತ್ತು ಹೊಡೆದ. ಮನೆಯಲ್ಲಿ ಹೆಂಡತಿಗೆ ಮಾತ್ರ ಹೊಸ್ತಿಲು ದಾಟಲು ಪುರಸೊತ್ತಿಲ್ಲ. ಆರು ಜನ ಮಾಡುತ್ತಿದ್ದ ಕೆಲಸ ಒಬ್ಬಳ ತಲೆಗೆ ಬಂದಿತ್ತು. ಜಿಗಿತ ಕೈಯಲ್ಲಿದ್ದೂ ಅವಳು ಆ ತಿಂಗಳೆಲ್ಲ ಒಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಒಲೆಗೆ ಜಿಗಿದಳು.

ವಾರ ಕಳೆಯುವುದರೊಳಗೆ ಯಜಮಾನ ಬಾವಿಕಟ್ಟೆಯಲ್ಲಿ ಡಂಗುರ ಹೊಡೆದ ಹಾಗೆ ಹೇಳಿದ: "ಮುಂದಿನ ಎಣಿಕೆಗೆ ಹೊರಸುತ್ತಿನ ಪಡುವಣ ಬೀದಿಯಲ್ಲಿ ನನ್ನ ಸಾಲು. ಎತ್ತುವುದು ಸೂಲಗಿತ್ತಿಯ ಮಗಳನ್ನು."

ಮಗಳು ಹೋದರೆ ಆ ಮನೆ ಎರಡು. ಒಲೆ ಕಿತ್ತು ಮೂವರೂ ಆಚೆ. ಊರಿನಲ್ಲಿ ಆಗ ಎಂಟು ಬಸುರಿಯರು. ಗುಂಪಿನಲ್ಲಿ ಯಾರೋ ಕೇಳಿದರು: "ಬುದ್ಧಿ, ನಿಮ್ಮ ಸೊಸೆಯದೇ ದಿನ ತುಂಬುತ್ತಾ ಬಂತು. ಹೆರಿಗೆಗೆ ಯಾರು?"

"ಬೇರೊಬ್ಬ ಸೂಲಗಿತ್ತಿ ವಾಡಿಕೆಯಂತೆ ನಾಲ್ಕನೆಯ ದಿನ ಬರುತ್ತಾಳೆ."

"ಮಗು?"

"ಕಾಯಲಿ. ದೊಡ್ಡಮನೆಯ ಮಗು, ತಾಳ್ಮೆ ಇರುತ್ತದೆ."

ಸೂಲಗಿತ್ತಿ ಆವತ್ತು ಸಂಜೆ ನನ್ನ ಜಗಲಿಗೆ ಬಂದು ಕೂತಳು. ಎರಡು ವರ್ಷದಲ್ಲಿ ಅವಳು ಕೂತದ್ದು ಅದೇ ಮೊದಲು.

"ನಿನಗೂ ಸಾಲು ಕಟ್ಟಲು ಬರುತ್ತದಲ್ಲೇ" ಎಂದೆ. "ಮೂವರೂ ಜಿಗಿಯುವವರು. ಅವನು ಮೂರಕ್ಕಿಳಿದು ಕೂತಿದ್ದಾನೆ. ಒಂದು ಎತ್ತಿದರೆ ಮುಗಿಯಿತು."

"ನಾನು ಯಾರನ್ನೂ ಎತ್ತಿಲ್ಲ, ಅಜ್ಜಿ. ಆ ಯಜಮಾನನನ್ನೂ ಈ ಭೂಮಿಗೆ ತಂದದ್ದು ನಮ್ಮ ಅತ್ತೆಯ ಕೈ. ತಂದ ಕೈಯಲ್ಲಿ ಹೊರಗೆ ಹಾಕು ಅನ್ನುತ್ತೀಯಲ್ಲ."

"ಹಾಕದಿದ್ದರೆ ನಿನ್ನ ಮಗಳನ್ನು ಹಾಕುತ್ತಾರೆ. ಆ ಎಂಟು ಹೊಟ್ಟೆಗಳ ಗತಿ ಏನು?"

"ಹಾಕೋಣ ಎಂದರೂ ಮೊದಲ ನಡೆ ಅವರದು. ಯಜಮಾನ ಪಡುವಣ ಬೀದಿಯ ಒಂದು ಮೂಲೆಯ ಕಲ್ಲಿನಲ್ಲಿ, ಮಗ ಇನ್ನೊಂದು ಮೂಲೆಯಲ್ಲಿ ಮೊದಲೇ ಹೋಗಿ ನಿಂತಿರುತ್ತಾರೆ. ನಡುಗಲ್ಲು ಮಾತ್ರ ಬಾಕಿ. ಆವತ್ತು ಬೆಳಿಗ್ಗೆ ಅವನ ಹೆಂಡತಿ ಮನೆಯಿಂದ ನೆಟ್ಟಗೆ ನಡೆದುಬಂದು ಅಲ್ಲಿ ಕಾಲಿಟ್ಟರೆ ಸಾಲು. ನನ್ನ ಸರದಿ ಬರುವುದರೊಳಗೆ ನನ್ನ ಮಗಳಿಲ್ಲ."

"ನೆಟ್ಟಗೆ ಎಂದರೆ ಹೇಗೆ ಬರುತ್ತಾಳೆ?"

"ಮೂಡಣ ಓಣಿ, ಬಾವಿ, ನಿನ್ನ ಜಗಲಿ, ಪಡುವಣ ಓಣಿ."

"ಓಹೋ" ಎಂದೆ. ಎಲೆಗೆ ಸುಣ್ಣ ಹಚ್ಚಿಕೊಂಡೆ.

ಎಣಿಕೆಯ ಬೆಳಿಗ್ಗೆ ಊರು ಜಗಲಿಗಳ ಮೇಲೆ ಹತ್ತಿ ನಿಂತಿತ್ತು. ವಾಡಿಕೆಯಯ್ಯ ಶಂಖ ಊದಿದ. ದೊಡ್ಡಮನೆಯಾಕೆ ಹೊರಟಳು. ಹುಟ್ಟಿದಾಗಿನಿಂದ ಒಂದು ದಿನಕ್ಕೆ ಒಂದಕ್ಕಿಂತ ಹೆಚ್ಚು ಕಲ್ಲು ದಾಟದ ಹೆಂಗಸು. ಒಳಸುತ್ತಿನ ಮೂಡಣ ಕಲ್ಲು ಬಂದಾಗ ಕಾಲು ತಡವರಿಸಿತು. ಕಣ್ಣು ಮುಚ್ಚಿಕೊಂಡು ಪಕ್ಕದಿಂದ ದಾಟಿಬಿಟ್ಟಳು. ಊರು ಹೋ ಎಂದಿತು. ಬಾವಿ ದಾಟಿದಳು. ಮೈಯೆಲ್ಲ ಬೆವರು, ತುರುಬು ಬಿಚ್ಚಿದೆ. ನನ್ನ ಜಗಲಿಯ ಎದುರಿನ ಕಲ್ಲು ಬಂತು.

"ಅಲ್ಲಾ ಅಮ್ಮಣ್ಣಿ" ಎಂದೆ ನಾನು, ಅಡಿಕೆ ಹೋಳು ಮಾಡುತ್ತಾ. "ನಿಮ್ಮ ಸತ್ತ ಅತ್ತೆ ಗೋಡೆಯಾಚೆ ಹಾಡು ಕಟ್ಟಿ ಹೇಳುತ್ತಿದ್ದಾರಂತಲ್ಲ, ದಿನಾ ಸಂಜೆ. ಯಾರ ಮೇಲೆ ಎಂದು ಗೊತ್ತೇನು?"

ಅವಳು ನಿಂತಳು. "ಯಾರ ಮೇಲೆ?" ಎಂದಳು. ಕೇಳಿದವಳು, ಊರಿನ ಹೆಂಗಸರೆಲ್ಲ ನಿಂತು ಮಾತು ಕೇಳುವ ಹಾಗೆ, ಎರಡೂ ಕಾಲನ್ನು ಕಲ್ಲಿನ ಮೇಲೆ ಊರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಲ್ಲಕ್ಕೆ ಕೈ ಕೊಟ್ಟಳು.

"ವಡೆಯ ಮೇಲೆ" ಎಂದೆ.

ವಾಡಿಕೆಯಯ್ಯ ಶಂಖ ಕೆಳಗಿಟ್ಟ. ಎರಡು ಕಾಲು ಊರಿದರೆ ನಡೆ ಮುಗಿಯಿತು. ಇದನ್ನು ಜ್ಞಾಪಿಸಿಕೊಳ್ಳಲು ತುಪ್ಪ ಬೇಕಾಗಿರಲಿಲ್ಲ. ಮಕ್ಕಳಿಗೂ ಗೊತ್ತಿದ್ದದ್ದು. ಪಡುವಣ ಬೀದಿಯಿಂದ ಯಜಮಾನ, "ಲೇ, ನಿಂತೆಯೇನೇ? ನಿಂತುಬಿಟ್ಟೆಯೇನೇ?" ಎಂದು ಕೂಗಿದ್ದು ಬಾವಿಯೊಳಗೆ ಎರಡು ಸಲ ಮೊಳಗಿತು. ನಾನು ಬೇಕೆಂದೇ ಕರೆದೆ ಎಂದು ಈಗಲೂ ಹೇಳುವವರಿದ್ದಾರೆ. ಹೇಳಲಿ. ಜಗಲಿಯ ಮುಂದೆ ಹಾಯುವವರನ್ನು ಮಾತಾಡಿಸದೆ ಬಿಟ್ಟದ್ದು ನನ್ನ ಜನ್ಮದಲ್ಲಿಲ್ಲ.

ಮುಂದಿನ ಸರದಿ ಸೂಲಗಿತ್ತಿಯದು. ಬಡಗಣ ಬೀದಿಯ ಒಂದು ಮೂಲೆಯಲ್ಲಿ ಅವಳು, ಇನ್ನೊಂದು ಮೂಲೆಯಲ್ಲಿ ಅವಳ ಅತ್ತೆ. ಮಗಳು ಲಂಗ ಎತ್ತಿಕಟ್ಟಿ, ಊರಿನ ನಟ್ಟನಡುವೆ ಓಡಿ, ನಡುಗಲ್ಲಿನ ಮೇಲೆ ಎರಡು ಕಾಲು ಜೋಡಿಸಿ ನಿಂತಳು. ಸಾಲು.

ಎಲ್ಲರೂ ಬಾವಿ ಹತ್ತಿರ ಸೇರಿದರು. ಯಜಮಾನನ ಮುಖದಲ್ಲಿ ರಕ್ತವಿಲ್ಲ. "ತಡೀರಿ ಅಯ್ಯಾ. ನಾವು ಮೂರಲ್ಲ, ಒಂಬತ್ತು. ಒಂಬತ್ತರಲ್ಲಿ ಒಂದು ಎತ್ತಿದರೆ ಎತ್ತಲಿ."

"ಅವರವರ ಬಾಯಿಂದ ಬರಬೇಕು ಬುದ್ಧಿ."

"ಬರುತ್ತದೆ. ಏ ತಮ್ಮಾ, ಹೇಳೋ."

ಇಬ್ಬರು ತಮ್ಮಂದಿರೂ ಮುಖಮುಖ ನೋಡಿಕೊಂಡರು. ಕೊಟ್ಟಿಗೆಯ ಒಲೆಯ ಸಾರು ಅವರ ಮೈಗೆ ಹಿಡಿದಿತ್ತು, ತುಸು ದಪ್ಪಗೂ ಆಗಿದ್ದರು. ಹಿರಿಯವನು, "ಮನಸ್ಸು ಒಂದೇ ಅಣ್ಣಯ್ಯ, ಒಲೆ ಬೇರೆ" ಎಂದ. ಕಿರಿಯವನು ತಲೆ ಆಡಿಸಿದ. ಸೊಸೆಯ ತವರಿಗೆ ಜಗಲಿಯಿಂದ ಜಗಲಿಗೆ ಮಾತು ಹೋಯಿತು, ಅಷ್ಟೇ ಬೇಗ ವಾಪಸ್ಸು ಬಂತು: ಹೆರುವ ತನಕ ನಮ್ಮ ಎಣಿಕೆ, ಹಿಂದಿನಿಂದ ನಡೆದು ಬಂದದ್ದಂತಲ್ಲ, ಮಾವನವರಿಗೆ ಹೇಳಿ, ತಾಳ್ಮೆ ಇರಲಿ.

ಕೊನೆಗೆ ಯಜಮಾನ ಗೋಡೆಗೆ ಓಡಿದ. ಹಿಂದೆ ನಾವೆಲ್ಲ. ಜಿಗಿತ ಇಲ್ಲದವರೂ ಓಡಿದೆವು, ಆವತ್ತು ಯಾರೂ ಕಲ್ಲು ನೋಡಲಿಲ್ಲ. ಅವನು ಗೋಡೆಗೆ ಬೆನ್ನು ಹಾಕಿ ನಿಂತು, ಗಾಳಿಗೆ ಹೇಳಿದ ಹಾಗೆ ಕೂಗಿದ:

"ಅವ್ವಾ! ನಾನು ಬದುಕಿದ್ದೇನೆ, ನಿಮ್ಮ ಮನೆಯವಳೇ ಎಂದು ಒಂದು ಮಾತು ಹೇಳು, ಸಾಕು."

ಆಚೆ ಯಾರೋ ಸೊಪ್ಪು ಸೋಸುತ್ತಿದ್ದ ಸದ್ದು ನಿಂತಿತು. ಮುದುಕಿಯ ದನಿ ಬಂತು, ನಮಗಲ್ಲ, ಪಕ್ಕದಲ್ಲಿದ್ದವರಿಗೆ: "ಯಾರೋ ಕರೆದ ಹಾಗಾಯಿತಲ್ಲೇ?"

"ನಿನ್ನ ಮಗ ಕಣವ್ವಾ!"

"ನನ್ನ ಮಗನ ಹಾಗೇ ಇದೆ ದನಿ. ಪಾಪ, ಅವನಿಗೆ ಗೊತ್ತಿಲ್ಲವೇನೋ. ಸತ್ತವರಿಗೆ ಕಿವಿ ಕೇಳಿಸುತ್ತದೆಯೇ? ನಾನು ಕಂಬಳಿ ಎಂದಾಗ ಬದುಕಿದ್ದವನಿಗೇ ಕೇಳಿಸಲಿಲ್ಲ." ಮತ್ತೆ ಸೊಪ್ಪು ಸೋಸುವ ಸದ್ದು.

ವಾಡಿಕೆಯಯ್ಯ ಸೂಲಗಿತ್ತಿಯ ಕಡೆ ತಿರುಗಿದ. "ಯಾರನ್ನು ಎತ್ತುತ್ತೀ ತಾಯಿ?"

ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ನೂರಾರು ಮಕ್ಕಳನ್ನು ಎಳೆದ ಕೈ. "ನನ್ನ ಬಾಯಲ್ಲಿ ಬರುವುದಿಲ್ಲ" ಎಂದಳು. "ಯಜಮಾನ್ರೇ, ನೀವೇ ಹೇಳಿ. ನಿಮ್ಮ ಮೂವರಲ್ಲಿ..."

ಅವಳು ಮಾತು ಮುಗಿಸಲಿಲ್ಲ. ಯಜಮಾನನ ಬೆರಳು ಆಗಲೇ ಹೆಂಡತಿಯ ಕಡೆ ತಿರುಗಿತ್ತು. "ಇವಳನ್ನು. ನಿಂತವಳು ಇವಳು."

ಆಕೆ ಆ ಬೆರಳನ್ನು ನೋಡಿದಳು. ಆ ಬೆರಳಿಗೆ ನಲವತ್ತು ವರ್ಷ ಅನ್ನ ಕಲಸಿ ಇಟ್ಟವಳು. ಬಿಚ್ಚಿದ ತುರುಬನ್ನು ನಿಧಾನವಾಗಿ ಕಟ್ಟಿಕೊಂಡಳು. ಆಮೇಲೆ ಯಾರೂ ಹೇಳದೆ, ಯಾವ ಕಡೆಯೂ ನೋಡದೆ, ಕಾಲೆತ್ತಿ ಗೋಡೆ ದಾಟಿ ನೆಟ್ಟಗೆ ನಡೆದುಹೋದಳು. ಒಂದು ಕಡೆಯೂ ತಡವರಿಸಲಿಲ್ಲ. "ಬಂದೆಯಾ? ಬಾ, ಈ ಸಾರಿಗೆ ಉಪ್ಪು ನೋಡು" ಎಂದಿತು ಮುದುಕಿಯ ದನಿ.

ಯಜಮಾನ ಹಣೆಯ ಬೆವರು ಒರೆಸಿಕೊಂಡು, "ಸದ್ಯ" ಎಂದ. ವಾಡಿಕೆಯಯ್ಯ ಕೆಮ್ಮಿದ.

"ಬುದ್ಧಿ, ಈಗ ನಿಮ್ಮ ಮನೆಯಲ್ಲಿ ಎರಡು."

ಆಗ ನೋಡಬೇಕಿತ್ತು ಆ ಮುಖವನ್ನು. ಊರಿನಲ್ಲಿ ಅಷ್ಟು ವರ್ಷ ಎತ್ತಿದವನಿಗೆ ಎಣಿಸುವುದು ಮರೆತುಹೋಗಿತ್ತು.

ಒಲೆಯ ಕಲ್ಲು ಕಿತ್ತರು. ಮುಳ್ಳು ಬಡಿದರು. ಮಗ ಗೋಡೆ ದಾಟಿ, ಸುತ್ತು ಬಳಸಿ ಹೆಂಡತಿಯ ತವರಿನ ಹಿತ್ತಿಲ ಗೋಡೆಯ ಆಚೆ ಹೋಗಿ ಕೂತ. ನಾಲ್ಕನೆಯ ದಿನ ಅವಳಿಗೆ ನೋವು ಬಂತು. ಹೇಳಿಕಳಿಸಿದ ಗಳಿಗೆಗೆ ಸೂಲಗಿತ್ತಿ ಬಾಗಿಲಲ್ಲಿದ್ದಳು. ಮಗು ಅಡ್ಡ ತಿರುಗಿತ್ತಂತೆ. ಅರ್ಧ ಗಳಿಗೆ ತಡವಾಗಿದ್ದರೆ ಎರಡು ಜೀವ. ಹೆಣ್ಣು. ಅತ್ತದ್ದು ಗೋಡೆಯಾಚೆಗೂ ಕೇಳಿಸಿತು. ಯಜಮಾನ ಮಾತ್ರ ಗೋಡೆ ದಾಟಿದ ಜಾಗದಲ್ಲೇ ಮೂರು ದಿನ ನಿಂತಿದ್ದನಂತೆ. ಮುಂದಿನ ಕಲ್ಲು ಎಲ್ಲಿದೆ ಎಂದು ಹೋಗುವವರು ಬರುವವರನ್ನೆಲ್ಲ ಕೇಳುತ್ತಿದ್ದನಂತೆ. ಕೊನೆಗೆ ಆ ಮುದುಕಿಯೇ ಬಂದು, ಎರಡೂ ಕೈ ಹಿಡಿದು, ಹಿಂದೆ ಹಿಂದೆ ನಡೆಯುತ್ತಾ, ವರ್ಷದ ಕೂಸನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋದಳಂತೆ. ಹೊದಿಕೆಯನ್ನೂ ಅವನಿಗೇ ಹೊದಿಸಿದಳಂತೆ. ತಾಯಿ.

ಇಲ್ಲಿ ಒಳಗೆ ವಾಡಿಕೆಯಯ್ಯ ಸೂಲಗಿತ್ತಿಯ ಮನೆಗೆ ಹೋಗಿ, ಖಾಲಿ ಬಿದ್ದ ನಾಲ್ಕುದಾರಿಯ ಕಲ್ಲಿಗೆ ಗೆದ್ದವರೇ ಬಂದು ಕೂರುವುದು ಹಿಂದಿನಿಂದ ನಡೆದು ಬಂದದ್ದು ಎಂದ. ಕೈಯಲ್ಲಿ ಖಾಲಿ ಗಡಿಗೆ ಇತ್ತು. ಅವಳು, "ನನಗೆ ಕೂರಲು ಪುರಸೊತ್ತಿಲ್ಲ. ಇನ್ನೂ ಏಳು ಬಸುರಿಯರಿದ್ದಾರೆ" ಎಂದಳಂತೆ. ಆಮೇಲೆ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ಇನ್ನೊಂದು ಮಾತು ಹೇಳಿದಳು: "ಆವತ್ತು ಗೋಡೆಯ ತನಕ ಎಲ್ಲರೂ ಓಡಿದಿರಲ್ಲ. ಹಾಗೇ ದಿನಾ ನೆಟ್ಟಗೆ ನಡೆದರೆ ಆಯಿತಲ್ಲ. ಕಲ್ಲೇನು ಕಾಲು ಹಿಡಿಯುತ್ತದೆಯೇ?"

ಊರು ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಸಂಜೆಯ ತನಕ ನಕ್ಕಿತು. ಒಳ್ಳೆಯ ಹೆಂಗಸು, ಕೈ ಚುರುಕು, ಬುದ್ಧಿ ಮಾತ್ರ ಸ್ವಲ್ಪ ಕಡಿಮೆ ಎಂದು ತೀರ್ಮಾನವಾಯಿತು. ನಾನೂ ನಕ್ಕೆ, ಇಲ್ಲವೆನ್ನಲಾರೆ.

ದೊಡ್ಡಮನೆಯ ಕಥೆಯಿಂದ ಊರು ಕಲಿಯಬೇಕಾದ್ದನ್ನು ಕಲಿತಿದೆ. ಯಜಮಾನ ಮೂರಕ್ಕಿಳಿದದ್ದು ತಪ್ಪಲ್ಲ, ಅವನ ಹೆಂಡತಿ ನಿಂತದ್ದು ತಪ್ಪು. ಈಗ ಮನೆಮನೆಯಲ್ಲೂ ಹೆಂಗಸರು ಹಿತ್ತಿಲಲ್ಲಿ ನಿಲ್ಲದೆ ನಡೆಯುವುದನ್ನು ಕಲಿಯುತ್ತಿದ್ದಾರೆ. ಕೊಟ್ಟಿಗೆ ಕೊಟ್ಟಿಗೆಗೂ ಒಲೆ. ಬಸುರಾದ ಮರುದಿನವೇ ಸೊಸೆಯರು ತವರಿನ ದಾರಿಯಲ್ಲಿ. ವಾಡಿಕೆಯಯ್ಯನ ಮನೆಯಲ್ಲಿ ತುಪ್ಪ ಇಡಲು ಜಾಗವಿಲ್ಲ. ವಾರಕ್ಕೆ ಎರಡು ಮೂರು ತಿಥಿ, ಊರೆಲ್ಲ ಎಣ್ಣೆಯ ವಾಸನೆ. ನನ್ನ ಓರಗೆಯವರು ಒಬ್ಬೊಬ್ಬರಾಗಿ ಬಾಯಿ ಒರೆಸಿಕೊಂಡು ಗೋಡೆ ದಾಟುತ್ತಿದ್ದಾರೆ. ನನ್ನ ಜಗಲಿಗೆ ಮಾತಿಗೆ ಬರುವವರೇ ಕಡಿಮೆಯಾಗಿದ್ದಾರೆ. ಆಚೆಯಿಂದಲೇ ಈಗ ಒಳ್ಳೊಳ್ಳೆಯ ಮಾತು ಕೇಳಿಬರುತ್ತವೆ.

ನಿನ್ನೆ ಸಂಜೆ ಹಿತ್ತಿಲಿಗೆ ಹೋದಾಗ ನೋಡಿದೆ. ಸೊಸೆ ದೊಡ್ಡ ಕೊಳಗದಲ್ಲಿ ಉದ್ದು ನೆನೆಹಾಕಿದ್ದಾಳೆ. ನನ್ನನ್ನು ಕಂಡು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಎಷ್ಟು ಸೇರು ಎಂದು ನಾನು ಕೇಳಲಿಲ್ಲ. ಯಾರಿಗೆ ಎಂದೂ ಕೇಳಲಿಲ್ಲ.

ಉಪ್ಪು ಸರಿಯಾಗಿ ಹಾಕಮ್ಮ, ಎಂದೆ.